ಬೀಗರಿಗೆ ನೈರೋಬಿ ತೋರಿಸಿದ್ದು

ನಮ್ಮ ಇಂಡಿ ಕಡೆಯ ಮನುಷ್ಯನೊಬ್ಬನ ತಾಳ್ಮೆ ಎಷ್ಟಿದೆ ಎಂದು ತಿಳಿಯಬೇಕಾದರೆ ಅವನನ್ನು ಅವನ ಬೀಗರ ಜೊತೆ ಒಂದೇ ಕೋಣೆಯಲ್ಲಿ ಇಟ್ಟು ನೋಡಬೇಕು. ಹೆಂಡತಿಯ ಜೊತೆ ಜಗಳಾಡಬಹುದು, ತಮ್ಮನ ಜೊತೆ ಮಾತು ಬಿಡಬಹುದು, ಪಕ್ಕದ ಮನೆಯವರ ಮೇಲೆ ದಿನವಿಡೀ ಗೊಣಗಬಹುದು. ಬೀಗರ ಮುಂದೆ ಇವು ಯಾವುವೂ ನಡೆಯುವುದಿಲ್ಲ. ಅವರು ನಮ್ಮ ಮಗಳನ್ನು ಕೊಟ್ಟ ಮನೆಯವರು. ಅವರೆದುರು ಕಾಲ ಮೇಲೆ ಕಾಲು ಹಾಕಿ ಕೂಡುವಂತಿಲ್ಲ, ಮೂರನೆಯ ಹೋಳಿಗೆ ಬೇಡ ಎನ್ನುವಂತಿಲ್ಲ, ಆಕಳಿಕೆ ಬಂದರೆ ಅಂಗಳಕ್ಕೆ ಹೋಗಿ ಆಕಳಿಸಿ ಬರಬೇಕು. ಮಕ್ಕಳ ಮದುವೆಯಾದ ಒಂಬತ್ತು ವರ್ಷಗಳಲ್ಲಿ ನಾನೂ ನನ್ನ ಬೀಗರೂ ಹನ್ನೆರಡೋ ಹದಿಮೂರೋ ಸಲ ಭೇಟಿಯಾಗಿರಬೇಕು. ಪ್ರತಿ ಸಲವೂ ಮಾತು ಒಂದೇ. "ಆರಾಮ ಅದೀರಿಲ್ರಿ ಬೀಗರ?" "ಆರಾಮ್ರಿ. ನಿಮ್ಮ ಕಡೆ ಮಳಿ ಹ್ಯಾಂಗ್ರಿ?" "ಇಲ್ರಿ. ನಿಮ್ಮ ಕಡೆ?" "ನಮ್ಮ ಕಡೆನೂ ಇಲ್ರಿ." ಅಲ್ಲಿಗೆ ಮುಗಿಯಿತು. ಮುಂದೆ ಇಬ್ಬರೂ ಸೂರು ನೋಡುತ್ತ ಕೂಡುವುದು. ಇಂಥ ಇಬ್ಬರನ್ನು ನಮ್ಮ ಮಕ್ಕಳು ಒಂದು ತಿಂಗಳ ಮಟ್ಟಿಗೆ ಆಫ್ರಿಕಾಕ್ಕೆ ಕರೆಸಿಕೊಂಡು ಒಂದೇ ಕೋಣೆಯಲ್ಲಿ ಎರಡು ಮಂಚ ಹಾಕಿಕೊಟ್ಟರು.

ನನ್ನ ಅಳಿಯ ಮಲ್ಲಿಕಾರ್ಜುನ ಧಾರವಾಡದಲ್ಲಿ ಕೃಷಿ ಓದಿದವನು. ನೈರೋಬಿಯ ಹೊರವಲಯದಲ್ಲಿರುವ ಒಂದು ಗುಲಾಬಿ ತೋಟದಲ್ಲಿ ಗಿಡಗಳ ರೋಗ ನೋಡಿಕೊಳ್ಳುವುದು ಅವನ ಕೆಲಸ. ಮಗಳು ಸವಿತಾ ಅಲ್ಲಿಯೇ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನನ್ನ ಹೆಂಡತಿ ಸುಮಿತ್ರಾ ಹೆಡ್‌ಮಾಸ್ತರಿಣಿ. ಜೂನ್ ತಿಂಗಳೆಂದರೆ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಗಡಿಬಿಡಿ, ಆಕೆ ಬರುವಂತಿರಲಿಲ್ಲ. "ನೀವು ಹೋಗಿ ಬರ್ರಿ. ಮನಿ ಒಂದ್ ತಿಂಗಳರೆ ಶಾಂತ ಇರತೈತಿ," ಎಂದು ಬೀಳ್ಕೊಟ್ಟಳು. ಬೀಗರು ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಯ ಸಂಗನಗೌಡರು. ಹೆಂಡತಿ ತೀರಿಕೊಂಡು ಐದು ವರ್ಷ. ಹೊಲ ಇದೆ, ಆದರೆ ಅವರ ಹೆಸರು ಇರುವುದು ಎತ್ತಿನ ಪರೀಕ್ಷೆಯಲ್ಲಿ. ಸಿಂದಗಿ, ಮುದ್ದೇಬಿಹಾಳದ ದನದ ಸಂತೆಗೆ ಎತ್ತು ಕೊಳ್ಳಲು ಹೋಗುವವರು ಮೊದಲು ಗೊಳಸಂಗಿಗೆ ಬಂದು ಗೌಡರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಾರೆ. ಗೌಡರು ಎತ್ತಿನ ಸುತ್ತ ಒಂದು ಸುತ್ತು ಹಾಕಿ "ಹೂಂ" ಎಂದರೆ ಕೊಳ್ಳಬೇಕು, "ಇರಲಿ" ಎಂದರೆ ಬಿಡಬೇಕು. ಯಾಕೆ ಎಂದು ಕೇಳುವ ಪದ್ಧತಿ ಇಲ್ಲ.

ಇನ್ನು ನನ್ನ ವಿಷಯ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ಬೋರ್ಡಿನ ಮೇಲೆ ಕಣ್ಣು ಮುಚ್ಚಿಕೊಂಡು ಆಫ್ರಿಕಾ ಖಂಡ ತೆಗೆಯಬಲ್ಲೆ. ಸ್ವತಃ ಪುಣೆಯಿಂದ ಆಚೆ ಹೋದವನಲ್ಲ, ಆದರೆ ಸಹಾರಾ ಮರುಭೂಮಿಯ ಬಗ್ಗೆ ಅಲ್ಲಿ ಹುಟ್ಟಿ ಬೆಳೆದವನಂತೆ ಮಾತಾಡುತ್ತಿದ್ದೆ. "ಸಮಭಾಜಕ ವೃತ್ತದ ಆಸುಪಾಸಿನಲ್ಲಿ ವರ್ಷವಿಡೀ ವಿಪರೀತ ಸೆಕೆ" ಎಂದು ಮೂವತ್ತೊಂದು ವರ್ಷ ಬರೆಸಿದ್ದರಿಂದ ಪೆಟ್ಟಿಗೆಯಲ್ಲಿ ಆರು ತೆಳು ಅಂಗಿ, ಎರಡು ಪಂಚೆ, ಒಂದು ಬೀಸಣಿಗೆ ಇಟ್ಟುಕೊಂಡು ಹೋದೆ. ನೈರೋಬಿ ಆ ಸಮಭಾಜಕ ವೃತ್ತದ ಮಗ್ಗುಲಲ್ಲೇ ಇದೆ. ಆದರೆ ಬಹಳ ಎತ್ತರದಲ್ಲಿದೆ. ವಿಮಾನದಿಂದ ಇಳಿದಾಗ ನನ್ನ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಯಾವ ಪುಸ್ತಕವನ್ನೂ ಓದದ ಗೌಡರು ಹೆಗಲ ಮೇಲೆ ಕರಿ ಕಂಬಳಿ ಹೊತ್ತುಕೊಂಡೇ ಬಂದಿದ್ದರು. ಮೊದಲ ರಾತ್ರಿ ಆ ಕಂಬಳಿಯನ್ನು ನನ್ನ ಮುಂದೆ ಚಾಚಿ "ನೀವು ಹೊತ್ಕೊಳ್ರಿ ಬೀಗರ" ಎಂದರು. "ಛೇ ಛೇ, ನೀವು ಹೊತ್ಕೊಳ್ರಿ" ಎಂದೆ. "ನಮಗ ರೂಢಿ ಐತ್ರಿ." "ನಮಗೂ ರೂಢಿ ಐತ್ರಿ." ಬೆಳಗಾದಾಗ ಕಂಬಳಿ ಮಡಿಚಿದ್ದು ಮಡಿಚಿದಂತೆಯೇ ಎರಡು ಮಂಚಗಳ ನಡುವಿನ ಕುರ್ಚಿಯ ಮೇಲೆ ಬೆಚ್ಚಗಿತ್ತು. ನಾವಿಬ್ಬರೂ ನೆಗಡಿ ಹಿಡಿಸಿಕೊಂಡು ಒಬ್ಬರಿಗೊಬ್ಬರು "ನಿದ್ದಿ ಚೊಲೊ ಬಂತೇನ್ರಿ?" ಎಂದು ಕೇಳಿಕೊಂಡೆವು.

ನೈರೋಬಿಯ ಒಂದು ಅನುಕೂಲವೆಂದರೆ, ಮುಂಜಾನೆ ರೊಟ್ಟಿ ತಿಂದು ಹೊರಟು ಸಂಜೆಯ ರೊಟ್ಟಿಗೆ ಮನೆಗೆ ಬರುವಷ್ಟು ದೂರದಲ್ಲೇ ಸಿಂಹ, ಆನೆ, ಜಿರಾಫೆ ಎಲ್ಲವೂ ಇವೆ. ನಮ್ಮ ಕಡೆ ಊರು ಮುಗಿದ ಮೇಲೆ ಜೋಳದ ಹೊಲ ಶುರುವಾದಂತೆ ಅಲ್ಲಿ ಊರು ಮುಗಿದ ಮೇಲೆ ಸಿಂಹದ ಅಡವಿ ಶುರುವಾಗುತ್ತದೆ. ಮಲ್ಲಿಕಾರ್ಜುನ ಉಳಿಸಿಕೊಂಡಿದ್ದ ರಜೆಗಳನ್ನೆಲ್ಲ ಒಟ್ಟುಗೂಡಿಸಿ, ದಿನಕ್ಕೊಂದು ಜಾಗದಂತೆ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದ. ಅಪ್ಪ ಮೊದಲ ಸಲ ಬಂದಿದ್ದಾನೆ, ಎಲ್ಲವನ್ನೂ ನೋಡಿಕೊಂಡೇ ಹೋಗಬೇಕು ಎಂಬುದು ಅವನ ಹಟ.

ಮೊದಲ ದಿನ ಆ ಅಡವಿಗೆ ಹೋದೆವು. ಮೇಲ್ಛಾವಣಿ ತೆರೆಯುವ ಗಾಡಿ. ವಂಜಿರು ಎಂಬ ನಗುಮುಖದ ಹೆಣ್ಣುಮಗಳು ಅದನ್ನು ನಡೆಸುತ್ತಲೇ ಪ್ರಾಣಿಗಳನ್ನು ತೋರಿಸುತ್ತಿದ್ದಳು. ನನ್ನದು ಹದ್ದಿನ ಕಣ್ಣು ಎಂದು ನಾನೇ ಊರಲ್ಲಿ ಹಬ್ಬಿಸಿದ್ದೇನೆ. ಹಾಗಾಗಿ ಎಲ್ಲ ಪ್ರಾಣಿಯನ್ನೂ ಎಲ್ಲರಿಗಿಂತ ಮೊದಲು ನೋಡಬೇಕೆಂದು ನಿಂತುಕೊಂಡೇ ಇದ್ದೆ. "ಬೀಗರ, ಅಕೋ ಝೀಬ್ರಾ!" ಎಂದೆ. "ಕಂಡಿತ್ರಿ," ಎಂದರು ಗೌಡರು, ಕೂತಲ್ಲಿಂದಲೇ. "ಅಕೋ ಅಲ್ಲಿ ಉಷ್ಟ್ರಪಕ್ಷಿ!" "ಆಗಳೇ ಕಂಡಿತ್ರಿ." ನನಗೆ ಒಳಗೊಳಗೇ ಕಸಿವಿಸಿ. ಅಷ್ಟರಲ್ಲಿ ವಂಜಿರು ಗಾಡಿ ನಿಲ್ಲಿಸಿ, ದೂರದ ಮುಳ್ಳುಗಿಡದ ಕೆಳಗೆ ಬೆರಳು ಮಾಡಿ "ಸಿಂಹ" ಎಂದು ಪಿಸುಗುಟ್ಟಿದಳು. ಹುಲ್ಲೂ ಅದೇ ಬಣ್ಣ, ಮಣ್ಣೂ ಅದೇ ಬಣ್ಣ. ಕಣ್ಣು ಕಿರಿದು ಮಾಡಿದೆ, ಹಿರಿದು ಮಾಡಿದೆ, ಕನ್ನಡಕ ಒರೆಸಿ ಹಾಕಿಕೊಂಡೆ. ಹುಲ್ಲು ಬಿಟ್ಟು ಬೇರೇನೂ ಇಲ್ಲ. ಗೌಡರು ಮಾತ್ರ "ಆಹಾ, ಎಂಥಾ ಗತ್ತು ನೋಡ್ರಿ!" ಎಂದು ತಲೆದೂಗಿದರು. ಮಲ್ಲಿಕಾರ್ಜುನನ ಮುಖ ಅರಳಿತು. "ಮಾಮಾ, ನಿಮಗ ಕಂಡಿತಿಲ್ರಿ?" ಎಂದು ನನ್ನನ್ನು ಕೇಳಿದ. ಭೂಗೋಳದ ಮಾಸ್ತರನಿಗೆ ಆಫ್ರಿಕಾದಲ್ಲಿ ಸಿಂಹ ಕಾಣಲಿಲ್ಲ ಎಂದರೆ ಮರ್ಯಾದೆ ಏನು ಉಳಿಯಿತು? "ಓಹೋ, ಭರ್ಜರಿ ಐತಿ," ಎಂದೆ.

ವಾಪಸು ಬರುವಾಗ ನನ್ನ ಹೊಟ್ಟೆಕಿಚ್ಚು ಒಂದು ಕಿಡಿಗೇಡಿತನಕ್ಕೆ ಇಳಿಯಿತು. ದಾರಿ ಬದಿಯಲ್ಲಿ ಸುಣ್ಣ ಬಳಿದ ಒಂದು ಗುರುತಿನ ಕಲ್ಲು ಇತ್ತು. "ಬೀಗರ, ಅಕೋ ಬಿಳೀ ಜಿಂಕಿ" ಎಂದೆ. ಗೌಡರು ಆ ಕಡೆ ತಿರುಗಿ, "ಹೌದ್ರಿ. ಭಾಳ ಚೊಲೊ ಐತಿ," ಎಂದರು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದೆ. ಆ ಸಂಜೆ ಫೋನಿನಲ್ಲಿ ಸುಮಿತ್ರಾಳಿಗೆ ಇದನ್ನೇ ಬಣ್ಣಿಸಿ ಹೇಳಿದೆ. "ಗೌಡ್ರು ಬರೇ ಬಡಾಯಿ ನೋಡು. ಕಲ್ಲಿಗೆ ಜಿಂಕಿ ಅಂತಾರ." ಆಕೆ ನಗಲಿಲ್ಲ. "ಕಲ್ಲಿಗೆ ಜಿಂಕಿ ಅಂತ ಮೊದಲ ಅಂದವರು ಯಾರು?" ಎಂದು ಕೇಳಿ ಫೋನ್ ಇಟ್ಟಳು.

ಮರುದಿನ ತಾಯಿ ಕಳೆದುಕೊಂಡ ಆನೆಮರಿಗಳನ್ನು ಸಾಕುವ ಜಾಗಕ್ಕೆ ಹೋದೆವು. ಒಂದು ಹಗ್ಗ ಕಟ್ಟಿ ಜನರನ್ನೆಲ್ಲ ಅದರ ಆಚೆ ನಿಲ್ಲಿಸುತ್ತಾರೆ. ಹೊತ್ತಿಗೆ ಸರಿಯಾಗಿ ಮರಿಗಳು ಹಾಲು ಕುಡಿಯಲು ಅಡವಿಯಿಂದ ಒಂದರ ಹಿಂದೆ ಒಂದು ಓಡಿ ಬರುತ್ತವೆ, ಥೇಟ್ ನಮ್ಮ ಶಾಲೆಯ ಮಕ್ಕಳು ಬಿಸಿಯೂಟದ ಗಂಟೆಗೆ ಓಡಿ ಬಂದ ಹಾಗೆ. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಗೌಡರು ತಲೆ ಒಂದು ಕಡೆ ವಾಲಿಸಿಕೊಂಡು ಸುಮ್ಮನೆ ನಿಂತಿದ್ದವರು, "ಬೀಗರ, ಮೂರನೇದ್ದು ಹಿಂದಿನ ಕಾಲು ಸರಿ ಊರವಲ್ದು," ಎಂದರು. ನಾನು ನೋಡಿದೆ. ನನಗೆ ಎಲ್ಲ ಕಾಲುಗಳೂ ಕಂಬದಂತೆ ಒಂದೇ ತೆರ ಕಂಡವು. ಸ್ವಲ್ಪ ಹೊತ್ತಿನಲ್ಲಿ ಮರಿಗಳ ಕತೆ ಹೇಳುವವನು ಆ ಮರಿಯನ್ನು ತೋರಿಸಿ, ಬೇಟೆಗಾರರ ತಂತಿಯ ಉರುಳಿಗೆ ಅದರ ಹಿಂಗಾಲು ಸಿಕ್ಕಿತ್ತು, ಈಗ ಗಾಯ ಮಾಯ್ದಿದೆ, ಕುಂಟುವುದು ಯಾರಿಗೂ ಗೊತ್ತೇ ಆಗುವುದಿಲ್ಲ ಎಂದ. ನಾನು ಗೌಡರ ಮುಖ ನೋಡಿದೆ. ಕಲ್ಲನ್ನು ಜಿಂಕೆ ಎನ್ನುವ ಮನುಷ್ಯನಿಗೆ ಯಾರಿಗೂ ಕಾಣದ ಕುಂಟು ಕಂಡಿದ್ದು ಹೇಗೆ? ನನಗೆ ಲೆಕ್ಕ ಹತ್ತಲಿಲ್ಲ.

ಲೆಕ್ಕ ಹತ್ತಿದ್ದು ಮೂರನೆಯ ಸುತ್ತಾಟದಲ್ಲಿ. ಆ ದೇಶದ ಬೇರೆ ಬೇರೆ ಜನಾಂಗದವರ ಮನೆಗಳನ್ನು ಒಂದೇ ಕಡೆ ಕಟ್ಟಿ, ಮಧ್ಯಾಹ್ನ ಅವರ ಕುಣಿತ ತೋರಿಸುವ ಜಾಗವದು. ಗುಡಿಸಲೊಂದರ ಒಳಗೆ ಬಗ್ಗಿ ಹೋಗುತ್ತಲೇ ಗೌಡರು ಮೂಗೆಳೆದು, "ಸಗಣಿಲೆ ಸಾರಿಸ್ಯಾರ. ನಮ್ಮ ಮಂದಿನ ಇವರು," ಎಂದು ಹಿಗ್ಗಿದರು. ಹೊರಗೆ ಬರುವಾಗ ಬಾಗಿಲ ಮೇಲಿನ ಮರಕ್ಕೆ ಹಣೆ ಬಡಿದುಕೊಂಡರು. ಕುಣಿತದ ಸಭಾಂಗಣದ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದರು. ಡೊಳ್ಳಿನಂಥ ವಾದ್ಯಗಳ ಸದ್ದಿಗೆ ಅವರ ಮೊಣಕಾಲು ತಾಳ ಹಾಕುತ್ತಿತ್ತು, ಆದರೆ ಕುಣಿಯುವವರು ಎಡಕ್ಕೆ ಹೋದಾಗಲೂ ಅವರ ಮುಖ ಬಲಕ್ಕೇ ಇತ್ತು. ಕುಣಿತ ಮುಗಿದ ಮೇಲೆ ಮಕ್ಕಳು ಮಣಿಸರದ ಅಂಗಡಿಗೆ ಹೋದರು. ನಾವಿಬ್ಬರು ಬಿಸಿಲಿನಲ್ಲಿ ಒಂದು ಕಟ್ಟೆಯ ಮೇಲೆ ಕೂತೆವು. ನಡುವೆ ಚಹಾದ ಕಪ್ಪುಗಳು. ಗೌಡರ ಕೈ ಕಪ್ಪನ್ನು ಹುಡುಕುತ್ತ ನನ್ನ ಮೊಣಕಾಲಿನವರೆಗೂ ಬಂದು ಹಿಂದೆ ಹೋಯಿತು. ನಾನು ಕಪ್ಪನ್ನು ಎತ್ತಿ ಅವರ ಕೈಗೆ ಕೊಟ್ಟೆ.

"ಗೌಡ್ರ, ತಪ್ಪು ತಿಳೀಬ್ಯಾಡ್ರಿ. ನಿಮಗ ಕಣ್ಣು ಸರಿ ಕಾಣತಾವೇನ್ರಿ?" ಎಂದೆ.

ಅವರು ಸುತ್ತಲಿನ ಸದ್ದಿಗೆ ಕಿವಿಗೊಟ್ಟರು. ಆಮೇಲೆ, "ಮಲ್ಲು ಹತ್ರ ಅದಾನೇನ್ರಿ?" ಎಂದು ಕೇಳಿದರು.

"ಇಲ್ರಿ. ಅಂಗಡಿಗೆ ಹೋಗ್ಯಾರ."

"ಎರಡು ವರ್ಷ ಆತ್ರಿ. ಮೊದಲ ಬರೇ ಮಂಜು ಬಿದ್ದಂಗ ಇತ್ತು. ಈಗ ನೀವು ಕುಂತದ್ದು ಕಾಣತೈತಿ, ನಿಮ್ಮ ಮಾರಿ ಕಾಣಂಗಿಲ್ಲ."

ನನ್ನ ಮುಖ ಕಾಣದಿದ್ದರೆ ಅಂಥ ನಷ್ಟವೇನಿಲ್ಲ ಎಂದು ಹೇಳಬೇಕೆನಿಸಿತು. "ಮತ್ತ ಸಂತ್ಯಾಗ ಎತ್ತು ಹ್ಯಾಂಗ ನೋಡ್ತೀರಿ?" ಎಂದೆ.

"ಕೈಲೆ ನೋಡ್ತೇನ್ರಿ. ಹೆಗಲ ಮ್ಯಾಲೆ ಕೈ ಆಡಿಸಿದ್ರ ಅರ್ಧ ತಿಳೀತೈತಿ. ನಾಕು ಹೆಜ್ಜಿ ನಡಸು ಅಂದ್ರ ಉಳಿದದ್ದು ಕಿವೀಲೆ ತಿಳೀತೈತಿ. ಇನ್ನೂ ಯಾರಿಗೂ ಗೊತ್ತಾಗಿಲ್ಲ. ಗೊತ್ತಾತಂದ್ರ, ಎತ್ತು ನೋಡೂ ಗೌಡ ಕುರುಡ ಆದ ಅಂತಾರ. ಮಲ್ಲೂಗ ಹೇಳಿದ್ರ ನನ್ನ ದವಾಖಾನಿಗೆ ಎಳಕೊಂಡ ಹೋಗ್ತಾನ." ಅವರು ಒಂದು ಗುಟುಕು ಚಹಾ ಕುಡಿದರು. "ನಮ್ಮಾಕಿ ದವಾಖಾನಿ ಒಳಗ ತನ್ನ ಕಾಲಿಲೆ ನಡಕೊಂತ ಹೋದಾಕಿ. ನಡಕೊಂತ ಹೊರಗ ಬರಲಿಲ್ರಿ. ಅವತ್ತಿಂದ ಆ ಬಾಗಲದಾಗ ಕಾಲಿಡೂ ಧೈರ್ಯ ನನಗಿಲ್ಲ."

ಹಾಯುವ ಹೋರಿಯನ್ನು ಮೂಗುದಾಣ ಹಿಡಿದು ನಿಲ್ಲಿಸಿದ್ದರೆಂದು ಯಾರ ಬಗ್ಗೆ ನಾಲ್ಕು ತಾಲೂಕಿನ ಜನ ಹೇಳುತ್ತಾರೋ ಆ ಮನುಷ್ಯ ಹೀಗೆ ಹೇಳಿದಾಗ ನನಗೆ ಆ ಸುಣ್ಣದ ಕಲ್ಲು ನೆನಪಾಗಿ ಎಲ್ಲಾದರೂ ಅಡಗಿಕೊಳ್ಳೋಣ ಅನಿಸಿತು. "ಹಂಗಾದ್ರ ಆ ಸಿಂಹ?" ಎಂದು ಕೇಳಿದೆ. "ಯಾವ ಸಿಂಹರಿ? ಮಲ್ಲು ಅಷ್ಟು ಹುರುಪಿಲೆ ತೋರ್ಸಾಕತ್ತಿದ್ದ. ಅವಗ ಬ್ಯಾಸರ ಆಗಬಾರದಂತ, ಎಂಥಾ ಗತ್ತು ಅಂದೆ." ನಾನು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ನಾನೂ ನೋಡಿಲ್ರಿ" ಎಂದೆ. ಗೌಡರು ನನ್ನ ಕಡೆ ತಿರುಗಿದರು. "ನಿಮಗ ಕಣ್ಣು ಅದಾವಲ್ರಿ?" "ಅದಾವ್ರಿ. ಸಿಂಹ ಕಾಣಲಿಲ್ಲ." ಮೊದಲು ಅವರ ಭುಜ ಅಲುಗಿತು, ಆಮೇಲೆ ನನ್ನದು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನಾವಿಬ್ಬರು ಬೀಗರು ಸೇರಿ ನಕ್ಕೆವು. ಆ ನಗುವಿನ ಭರದಲ್ಲಿ, ಮಲ್ಲಿಕಾರ್ಜುನನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ. ಕೊಡಬಾರದಿತ್ತು. ಆದರೆ ಆಗ ಅದು ದೊಡ್ಡ ಸ್ನೇಹದಂತೆ ಕಂಡಿತು.

ಅಂದಿನಿಂದ ನಾನು ಅವರ ಕಣ್ಣಾದೆ. ಹೀಗೆ ಹೇಳಿದರೆ ಬಹಳ ತ್ಯಾಗದಂತೆ ಕೇಳುತ್ತದೆ. ನಿಜ ಹೇಳಬೇಕೆಂದರೆ ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳುವವರು ಸಿಕ್ಕಿದ್ದು ಅದೇ ಮೊದಲು. ಮುಂದಿನ ಎರಡು ಸುತ್ತಾಟಗಳಲ್ಲಿ, ವಸ್ತುಸಂಗ್ರಹಾಲಯದಲ್ಲೂ ಮಣಿ ಮಾಡುವ ಕಾರ್ಖಾನೆಯಲ್ಲೂ, ಅವರ ಮೊಣಕೈ ಹಿಡಿದುಕೊಂಡು ರೇಡಿಯೋದ ಕ್ರಿಕೆಟ್ ವಿವರಣೆಯಂತೆ ಬಿಡುವಿಲ್ಲದೆ ವರ್ಣಿಸಿದೆ. "ಅಪ್ಪಾ, ಗಂಟಲು ಬೀಳತೈತಿ, ಸ್ವಲ್ಪ ನೀರರೆ ಕುಡಿ," ಎಂದಳು ಸವಿತಾ. ತೊಂದರೆ ಬಂದದ್ದು ಗೌಡರ ಪ್ರಶ್ನೆಗಳಿಂದ. "ಝೀಬ್ರಾದ ಪಟ್ಟಿ ಹೊಟ್ಟಿ ಕೆಳಗೂ ಅದಾವೇನ್ರಿ ಮಾಸ್ತರ? ಬಾಲ ಕತ್ತಿದಂಗೈತೋ, ಕುದರಿದಂಗೈತೋ?" ಬೀಗರು ಹೋಗಿ ಮಾಸ್ತರ ಆಗಿದ್ದೆ, ಸಂತೋಷವೇ, ಆದರೆ ಉತ್ತರ ಗೊತ್ತಿರಲಿಲ್ಲ. ಎರಡು ಸಲ ಪಕ್ಕಾ ಸುಳ್ಳು ಹೇಳಿದೆ. ಮೂರನೆಯ ಸಲ ನಾಚಿಕೆಯಾಗಿ, ಸಂಗ್ರಹಾಲಯದಲ್ಲಿ ಚರ್ಮದೊಳಗೆ ಹುಲ್ಲು ತುಂಬಿ ನಿಲ್ಲಿಸಿದ್ದ ಝೀಬ್ರಾದ ಮುಂದೆ ಮಂಡಿಯೂರಿ ಕೂತು ಅದರ ಹೊಟ್ಟೆಯ ಕೆಳಗೆ ನೋಡಿದೆ. ಕಾವಲುಗಾರ ಬಂದು ನನ್ನ ಆರೋಗ್ಯ ವಿಚಾರಿಸಿದ.

ಹೀಗೆ ನಡೆಯುತ್ತಿರುವಾಗ ಜಿರಾಫೆಗಳಿಗೆ ತಿನ್ನಿಸುವ ಜಾಗದ ಸರದಿ ಬಂತು. ಅಲ್ಲಿ ಅಟ್ಟದಂಥ ಎತ್ತರದ ಜಗಲಿ ಇದೆ. ಅದರ ಮೇಲೆ ನಿಂತರೆ ಜಿರಾಫೆಯ ಮುಖ ನಮ್ಮ ಮುಖಕ್ಕೆ ಸರಿಯಾಗಿ ಬರುತ್ತದೆ. ಅಂಗೈಯಲ್ಲಿ ಮೇವಿನ ಉಂಡೆ ಹಿಡಿದರೆ ಅದು ನಾಲಿಗೆ ಚಾಚಿ ಎತ್ತಿಕೊಳ್ಳುತ್ತದೆ. ಗೌಡರು ಉಂಡೆ ಮೂಸಿ ನೋಡಿ, "ಹಿಂಡಿ ಐತಿ, ಹೊಟ್ಟು ಐತಿ, ಸ್ವಲ್ಪ ಬೆಲ್ಲಾನೂ ಐತಿ," ಎಂದರು. ಜಿರಾಫೆಯ ನಾಲಿಗೆ ಅವರ ಮುಂಗೈಗೆ ಸುತ್ತಿಕೊಂಡಾಗ ಅವರು ನಕ್ಕ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಅದರ ಗಲ್ಲ ತಡವಿದರು, ಕಿವಿಯ ಬುಡ ತುರಿಸಿದರು, ಹಲ್ಲು ಮುಟ್ಟಿ "ಇನ್ನೂ ಹರೇದ್ದೈತಿ" ಎಂದರು. ಆ ದಿನ ಅವರಿಗೆ ನನ್ನ ವರ್ಣನೆ ಬೇಕಾಗಲಿಲ್ಲ.

ಬೇಕಾದದ್ದು ಕೆಳಗೆ ಇಳಿದ ಮೇಲೆ. ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತ ಇನ್ನೂ ಮೇಲೆಯೇ, ಜಗಲಿಯ ಆಚೆ ಬದಿಯಲ್ಲಿ ನಮಗೆ ಬೆನ್ನು ಮಾಡಿಕೊಂಡು ಇದ್ದರು. ನಾನು ಗೌಡರ ಮೊಣಕೈ ಹಿಡಿದು, ಜಿರಾಫೆಯ ಕುತ್ತಿಗೆಯಲ್ಲಿ ಎಷ್ಟು ಎಲುಬುಗಳಿರುತ್ತವೆ ಎಂದು ವಿವರಿಸುತ್ತ ಬೇಲಿಯ ಬಳಿ ನಡೆದಿದ್ದೆ. ಪಾಠದ ಗುಂಗಿನಲ್ಲಿ ಬೇಲಿಯ ಒಂದು ಸಣ್ಣ ಗೇಟು ದಾಟಿದ್ದು ನನಗೆ ತಿಳಿಯಲಿಲ್ಲ. ಎದುರಿನ ಪೊದೆಯಿಂದ ಒಂದು ಕಾಡುಹಂದಿ ಹೊರಬಂತು. ಮುಖದ ತುಂಬ ಗಂಟುಗಳು, ಬಾಯಿಂದ ಮೇಲಕ್ಕೆ ಬಾಗಿದ ಎರಡು ಕೋರೆಗಳು, ಧ್ವಜದಂತೆ ನೆಟ್ಟಗೆ ನಿಂತ ಬಾಲ. ಅದು ನಮ್ಮ ಕಡೆ ನಾಲ್ಕು ಹೆಜ್ಜೆ ಓಡಿ ಬಂತು. ಮುಂದೆ ನಾನು ಮಾಡಿದ್ದನ್ನು ಬರೆಯಲು ನನಗೆ ಖುಷಿಯಿಲ್ಲ. ಗೌಡರ ಮೊಣಕೈ ಬಿಟ್ಟೆ. ಗೇಟು ದಾಟಿ, ಅಟ್ಟದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಮೇಲೆ ನಿಂತು "ಬರ್ರೆಪೋ, ಬರ್ರಿ!" ಎಂದು ಕೂಗಿದೆ.

ಗೌಡರು ನಿಂತಲ್ಲಿಯೇ ನಿಂತಿದ್ದರು. ಯಾವುದೋ ನಾಯಿ ಎಂದುಕೊಂಡು ನಿಧಾನವಾಗಿ "ಹಚಾ, ಹಚಾ" ಎಂದರು. ಹಂದಿ ನಿಂತಿತು. ಬಹುಶಃ ಅದಕ್ಕೆ ಅಷ್ಟು ಶಾಂತವಾಗಿ ಯಾರೂ ಬೈದಿರಲಿಲ್ಲ. ಮೂಸಿ ನೋಡಿ, ತಿರುಗಿ ಪೊದೆಗೆ ಹೋಯಿತು. ಅಪಾಯ ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ ಗೌಡರು ನನ್ನನ್ನು ಹುಡುಕುತ್ತ ಹಿಂದಕ್ಕೆ ತಿರುಗಿ ಹೆಜ್ಜೆ ಇಟ್ಟರು, ನೀರು ಹರಿಯುವ ಸಣ್ಣ ಕಾಲುವೆಗೆ ಕಾಲು ಹಾಕಿ ಕಲ್ಲಿನ ಮೇಲೆ ಬಿದ್ದರು. ಹುಬ್ಬು ಒಡೆದು ರಕ್ತ ಬಂತು. ಮಲ್ಲಿಕಾರ್ಜುನ ಓಡಿ ಬಂದು ಎಬ್ಬಿಸಿ ಕೂಡಿಸಿದ. ಕಣ್ಣೆದುರೇ ಇದ್ದ ಕಾಲುವೆ ಅಪ್ಪನಿಗೆ ಯಾಕೆ ಕಾಣಲಿಲ್ಲ ಎಂದು ಅವನಿಗೆ ಏನೋ ಹೊಳೆದಿರಬೇಕು. ಮುಖದ ಮುಂದೆ ಕೈ ಹಿಡಿದು, "ಅಪ್ಪಾ, ಎಷ್ಟು ಬೆರಳು ಹೇಳು?" ಎಂದ.

"ಐದು. ಎಲ್ಲಾರಿಗೂ ಐದ ಇರತಾವಲ್ಲೋ," ಎಂದರು ಗೌಡರು.

ಮಲ್ಲಿಕಾರ್ಜುನ ಹಿಡಿದದ್ದು ಎರಡೇ ಬೆರಳು. ಅವನು ಆ ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ನನ್ನ ಕಡೆ ತಿರುಗಿದ. "ಮಾಮಾ, ನಿಮಗ ಗೊತ್ತಿತ್ತೇನ್ರಿ?" ನಾನು ಹೌದೆಂದು ತಲೆ ಆಡಿಸಿದೆ. ಅವನು ತಿರುಗಿ ಅಪ್ಪನ ಹುಬ್ಬಿಗೆ ಕರವಸ್ತ್ರ ಒತ್ತಿ ಹಿಡಿದ, ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಸವಿತಾ ಮನೆ ಮುಟ್ಟುವವರೆಗೂ ನನ್ನ ಕಡೆ ನೋಡಲಿಲ್ಲ. ಅಂದು ಊಟದ ಹೊತ್ತಿಗೆ ರೊಟ್ಟಿ ನನ್ನ ತಟ್ಟೆಗೆ ಬಿದ್ದ ಸಪ್ಪಳ ಮಾತ್ರ ಜೋರಾಗಿತ್ತು.

ಮನೆಗೇ ಬಂದ ಡಾಕ್ಟರೊಬ್ಬರು ಹುಬ್ಬಿಗೆ ಹೊಲಿಗೆ ಹಾಕಿದ ಮೇಲೆ, ಮರುದಿನ, ದವಾಖಾನೆಯಲ್ಲ ಮನೆ ಎಂದು ಗೌಡರನ್ನು ಒಪ್ಪಿಸಿ ಕಣ್ಣಿನ ಡಾಕ್ಟರ ಮನೆಗೆ ಹೋದೆವು. ಆಕೆ ಅಜ್ಜನ ಕಾಲದಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಗುಜರಾತಿ ಮನೆತನದವರು. ಹರಕು ಹಿಂದಿಯಲ್ಲಿ ಗೌಡರ ಜೊತೆ ಮಾತಾಡಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿನ ನರಕ್ಕೂ ಪೆಟ್ಟಾಗಿದೆ, ಅದಕ್ಕೆ ದೃಷ್ಟಿ ಎಷ್ಟು ಮರಳುತ್ತದೋ ಹೇಳಲಾಗದು. ಬಲಗಣ್ಣು ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಇನ್ನು ತಡ ಮಾಡಬಾರದು ಎಂದರು. ಗೌಡರು ಒಂದೇ ಮಾತು ಹೇಳಿದರು. "ಇರಲಿ." ಆ ಮಾತಿನ ಅರ್ಥ ನನಗೆ ಗೊತ್ತಿತ್ತು.

ಅವರ ಮನಸ್ಸು ತಿರುಗಿಸುವ ಜವಾಬ್ದಾರಿ ನನ್ನದೆಂದು ನಾನೇ ವಹಿಸಿಕೊಂಡೆ. ದೊಡ್ಡ ಹಾಳೆಯ ಮೇಲೆ ಕಣ್ಣಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಮುಕ್ಕಾಲು ತಾಸು ಪಾಠ ಮಾಡಿದೆ. ಎಲ್ಲ ಕೇಳಿದ ಮೇಲೆ ಗೌಡರು, "ಮಾಸ್ತರ, ನನಗ ಕಾಣಂಗಿಲ್ಲಂತನ ಇಷ್ಟೆಲ್ಲಾ ನಡದದ್ದು. ಚಿತ್ರ ಯಾಕ ತಗೀತೀರಿ?" ಎಂದರು. ನಾನು ಹಾಳೆ ಸುತ್ತಿಟ್ಟೆ. ಕೊನೆಗೆ ಕೆಲಸ ಮಾಡಿದ್ದು ಮಲ್ಲಿಕಾರ್ಜುನನ ಎರಡು ಮಾತು. ಅವನು ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಕಿತ್ತುತಂದು ಅಪ್ಪನ ಪಕ್ಕ ಕೂತ. "ಇಷ್ಟು ದಿನ ನಿನಗ ಇವನ್ನೆಲ್ಲಾ ತೋರಿಸಿದೆ ಅಂತ ನನ್ನಷ್ಟಕ್ಕ ನಾನ ಹಿಗ್ಗಿದೆ. ನೀ ಒಂದೂ ನೋಡಿಲ್ಲ. ನಾ ನಿನ್ನ ಮಾರಿ ನೋಡಿದ್ರ ನನಗ ತಿಳೀಬೇಕಿತ್ತು. ನಾನೂ ನೋಡಲಿಲ್ಲಪ್ಪಾ." ಗೌಡರು ಕೈ ಚಾಚಿ ಮಗನ ತಲೆ ಹುಡುಕಿ, ಅದರ ಮೇಲೆ ಕೈ ಇಟ್ಟರು. ಆಮೇಲೆ "ಹೂಂ" ಎಂದರು.

ಆಪರೇಷನ್ನಿನ ದಿನ ಬೆಳಿಗ್ಗೆ ಅವರು ನನ್ನನ್ನು ಹತ್ತಿರ ಕರೆದರು. "ಮಾಸ್ತರ, ಒಂದು ಕರಾರು. ಆ ಬಾಗಲತನಾ ನೀವು ನನ್ನ ಕೈ ಹಿಡಕೊಂಡು ಬರಬೇಕು. ಆದ್ರ ಈ ಸಲ ಓಡಬಾರದು."

ನನ್ನ ಕಿವಿ ಬಿಸಿಯಾಯಿತು. "ಗೌಡ್ರ, ಅವತ್ತು ನಾನು ಮಂದೀನ ಕರಿಯಾಕ..."

"ಆನಿಮರಿ ಕುಂಟಿದ್ದು ಕೇಳಿಸಿದಾವಗ ನಿಮ್ಮ ಚಪ್ಪಲಿ ಸಪ್ಪಳ ಕೇಳಸಂಗಿಲ್ಲೇನ್ರಿ? ಎರಡೆರಡು ಪಾವಟಿಗಿ ಜಿಗದ್ರಿ. ಈ ವಯಸ್ಸಿನ್ಯಾಗ ಭಾಳ ಚೊಲೊ ಓಡಿದ್ರಿ," ಎಂದು ನಕ್ಕರು. ಮಕ್ಕಳಿಗೆ ಅದನ್ನು ಅವರು ಹೇಳಿರಲಿಲ್ಲ, ಇವತ್ತಿಗೂ ಹೇಳಿಲ್ಲ. ಒಳಗಿನ ಬಾಗಿಲವರೆಗೆ ಅವರ ಕೈ ಹಿಡಿದುಕೊಂಡು ಹೋದೆ. ನನ್ನ ಅಂಗೈ ಎಷ್ಟು ಬೆವೆತಿತ್ತು, ಮುಖ ಎಷ್ಟು ಬಿಳಿಚಿತ್ತು ಎಂದರೆ ಅಲ್ಲಿಯ ನರ್ಸು ನನ್ನನ್ನೇ ಗಾಲಿಕುರ್ಚಿಯಲ್ಲಿ ಕೂಡಿಸಲು ಬಂದಳು. ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಮಲ್ಲಿಕಾರ್ಜುನ, ಅವನ ಹಿಂದೆ ಸವಿತಾ, ಅವಳ ಹಿಂದೆ ನಾನು. ಗೌಡರು ಮಗನ ಮುಖವನ್ನು ಬಹಳ ಹೊತ್ತು ನೋಡಿದರು, ಸೊಸೆಯನ್ನು ನೋಡಿ "ಯಾಕವಾ, ಸೊರಗೀಯಲ್ಲ?" ಎಂದರು. ಕೊನೆಗೆ ನನ್ನತ್ತ ಕಣ್ಣು ಹೊರಳಿಸಿ, "ಅಯ್ಯ, ಮಾಸ್ತರ, ಯಾವಾಗ ಇಷ್ಟು ಮುದುಕ ಆದ್ರಿ?" ಎಂದರು. ಸವಿತಾ ಐದು ದಿನಗಳ ನಂತರ ಮೊದಲ ಸಲ ನನ್ನ ಕಡೆ ನೋಡಿ ನಕ್ಕಳು.

ಡಾಕ್ಟರು ಓಡಾಡಬಹುದು ಎಂದ ಮೇಲೆ, ಊರಿಗೆ ಹೊರಡುವ ಎರಡು ದಿನ ಮೊದಲು ಮಲ್ಲಿಕಾರ್ಜುನ ಹೊಸ ಪಟ್ಟಿ ತಂದ. ಸಿಂಹ ನೋಡುವುದೋ, ಆನೆ ನೋಡುವುದೋ, ಏನು ಬೇಕು ಎಂದು ಅಪ್ಪನನ್ನು ಕೇಳಿದ. "ಸಿಂಹ ತಗೊಂಡು ನಾ ಏನು ಮಾಡ್ಲೋ? ಇಲ್ಲಿ ದನದ ಸಂತಿ ಎಲ್ಲಿ ಕೂಡತೈತಿ?" ಎಂದರು ಗೌಡರು. ಊರಾಚೆ ಗುಡ್ಡದ ಬುಡದಲ್ಲಿ ವಾರದ ದನದ ಸಂತೆ ಇತ್ತು. ಕೆಂಪು ಚೌಕಳಿ ಬಟ್ಟೆ ಹೊದ್ದ, ಎತ್ತರದ, ಕೋಲು ಹಿಡಿದ ಮಸಾಯಿ ದನಗಾರರು. ಹೆಗಲ ಮೇಲೆ ಡುಬ್ಬವೆದ್ದ ಎತ್ತುಗಳು, ಕೆಂಪು ಹೋರಿಗಳು, ಧೂಳು, ಸಗಣಿಯ ವಾಸನೆ, ಕೂಗಾಟ. ಗೌಡರು ಗಾಡಿಯಿಂದ ಇಳಿದು ಧೋತರದ ಚುಂಗು ಎತ್ತಿ ಕಟ್ಟಿಕೊಂಡರು. ಯಾರ ಕೈಯನ್ನೂ ಹಿಡಿಯದೆ ದನಗಳ ನಡುವೆ ಹೊಕ್ಕರು. ಡಾಕ್ಟರು ಕೊಟ್ಟ ಕಪ್ಪು ಕನ್ನಡಕವನ್ನು ಸ್ವಲ್ಪ ಕೆಳಗೆ ಸರಿಸಿ ಒಂದು ಕೆಂಪು ಹೋರಿಯ ಮುಂದೆ ನಿಂತರು. ಅದರ ಯಜಮಾನ, ಗೌಡರಷ್ಟೇ ವಯಸ್ಸಿನ ಮಸಾಯಿ, ಕೋಲಿನ ಮೇಲೆ ಗದ್ದ ಊರಿ ಇವರನ್ನು ನೋಡುತ್ತ ನಿಂತ. ಗೌಡರು ಒಂದು ಸುತ್ತು ಹಾಕಿದರು. ಮುಟ್ಟಲಿಲ್ಲ, ನಡೆಸು ಎನ್ನಲಿಲ್ಲ, ನೋಡಿದರು ಅಷ್ಟೆ. ಕಣ್ಣಿನಿಂದ ನೋಡಿ ಎರಡು ವರ್ಷವಾದ ಮನುಷ್ಯ ಹೇಗೆ ನೋಡುತ್ತಾನೆ ಎಂಬುದನ್ನು ವರ್ಣಿಸಲು ನನಗೂ ಬರುವುದಿಲ್ಲ. "ಹೂಂ," ಎಂದರು. ಮಸಾಯಿ ಮುದುಕನಿಗೆ ಅದನ್ನು ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ. ಹಲ್ಲು ಬಿಟ್ಟು ನಕ್ಕು, ಗೌಡರ ಕೈ ಹಿಡಿದು ಕುಲುಕಿ, ಪಕ್ಕದಲ್ಲಿದ್ದ ಇನ್ನೊಂದು ಹೋರಿಯ ಕಡೆ ಕರೆದುಕೊಂಡು ಹೋದ.

ನಾನು ಹಿಂದೆಯೇ ಹೋದೆ. ಮೂರು ವಾರದ ರೂಢಿ ನೋಡಿ, ಬಾಯಿ ಸುಮ್ಮನಿರಲಿಲ್ಲ. "ಗೌಡ್ರ, ಇದು ಏನಪಾ ಅಂದ್ರ ಕಂದು ಬಣ್ಣದ್ದು, ಕೋಡು ಸ್ವಲ್ಪ ಹಿಂದಕ್ಕ ಬಾಗ್ಯಾವು, ಈ ತಳಿ ಮೂಲದಾಗ..." ಎಂದು ಶುರುಮಾಡಿದೆ.

"ಮಾಸ್ತರ, ಒಂದೀಟು ಬಾಯಿ ಮುಚ್ಚಿಕೊಂಡು ನಿಂದರ್ರಿ," ಎಂದರು ಗೌಡರು, ಹೋರಿಯ ಮೇಲಿನ ಕಣ್ಣು ತೆಗೆಯದೆ. "ನಾ ನೋಡಾಕತ್ತೇನಿ."

ನಮ್ಮ ಕಡೆ ಬೀಗರು ಬೀಗರಿಗೆ ಆಡುವ ಮಾತಲ್ಲ ಇದು. ಮದುವೆ ಮನೆಯಲ್ಲಿ ಇಂಥ ಒಂದು ಮಾತು ಬಂದರೆ ಎರಡು ಊರಿನ ನಡುವೆ ಮೂರು ವರ್ಷ ಹೋಗಿಬರುವುದು ನಿಲ್ಲುತ್ತದೆ. ನನಗೆ ಮಾತ್ರ ಅದನ್ನು ಕೇಳಿ ಎಷ್ಟು ಸಂತೋಷವಾಯಿತೆಂದರೆ, ಆ ಧೂಳಿನಲ್ಲಿ ನಿಂತುಕೊಂಡೇ ಸುಮಿತ್ರಾಳಿಗೆ ಫೋನ್ ಹಚ್ಚಿದೆ. ನಡೆದದ್ದನ್ನೆಲ್ಲ ಹೇಳಿ, "ನನಗ, ಮೂವತ್ತೊಂದು ವರ್ಷದ ಮಾಸ್ತರಗ, ಬಾಯಿ ಮುಚ್ಚು ಅಂದ್ರು ನೋಡು!" ಎಂದು ಹೆಮ್ಮೆಯಿಂದ ಮುಗಿಸಿದೆ.

ಆಕೆ ಸಮಾಧಾನದ ಒಂದು ಉಸಿರು ಬಿಟ್ಟಳು. "ಹಂಗಾದ್ರ ಗೌಡ್ರಿಗೆ ಈಗ ಎಲ್ಲಾ ಸರಿಯಾಗಿ ಕಾಣಾಕತ್ತೈತಿ ಅಂದಂಗಾತು," ಎಂದಳು.